ಸಿಟ್ಟಿಗೊಂದು ಬಾಗಿಲು ಬೇಕು

ಕಳೆದ ಆಷಾಢದಲ್ಲಿ ನಮ್ಮ ಮಂಚದ ಕೆಳಗೆ ಎರಡು ಬಾಗಿಲುಗಳು ಮಲಗಿದ್ದವು. ಮನೆಯವಲ್ಲ, ಜೀಪಿನವು. ನನ್ನ ಹೆಂಡತಿ ಗಿರಿಜಾ ಶಹಾಪುರದ ನೇಕಾರರ ಮನೆಯ ಮಗಳು. ಧೂಳು ಕೂರಬಾರದೆಂದು ಅವಕ್ಕೆ ತನ್ನ ಹಳೆಯ ನೂಲಿನ ಸೀರೆಯೊಂದನ್ನು ಹೊದಿಸಿದ್ದಳು, ಕಸ ಗುಡಿಸುವಾಗ ಪೊರಕೆ ಅವಕ್ಕೆ ತಾಗಿದಾಗಲೆಲ್ಲ ನನ್ನ ಕಡೆಗೊಂದು ನೋಟ ಎಸೆಯುತ್ತಿದ್ದಳು. ಕಾಲೇಜಿನಲ್ಲಿ ಗಣಿತ ಹೇಳುವ ಮನುಷ್ಯ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವ ವಯಸ್ಸಿನಲ್ಲಿ ಕಾಡು ಗುಡ್ಡ ಹತ್ತುವ ಜೀಪು ಕೊಂಡದ್ದೇ ಒಂದು ಸೋಜಿಗ. ಕೊಂಡ ಮೂರನೆಯ ಭಾನುವಾರ ಪಾನಾ ಹಿಡಿದು ಅದರ ಬಾಗಿಲುಗಳನ್ನು ಬಿಚ್ಚಿದ್ದಕ್ಕೆ ಏನೆನ್ನಬೇಕೋ ಗಿರಿಜಾಳಿಗೂ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಅಂದಳು: "ಮಂದಿ ಬಾಗಲಾ ಹಚ್ಚಾಕ ಸಾಲಾ ಮಾಡತಾರ. ನೀವು ಹಚ್ಚಿದ ಬಾಗಲಾ ಕಿತ್ತ ಮಂಚದ ಕೆಳಗ ಇಡತೀರಿ. ಶಾಣ್ಯಾ ಅದೀರಿ ಬಿಡ್ರಿ."

ನೀವು ಬಾಗಿಲಿಲ್ಲದ ಗಾಡಿಯಲ್ಲಿ ಒಮ್ಮೆ ಕೂತು ನೋಡಬೇಕು. ಗಾಜು ಏರಿಸಿಕೊಂಡು ಇಪ್ಪತ್ತು ವರ್ಷ ಓಡಾಡಿದ ಅದೇ ಬೆಳಗಾವಿ ಎಷ್ಟು ಹತ್ತಿರ ಬಂದು ಬಿಡುತ್ತದೆಂದರೆ, ಮಿಠಾಯಿ ಅಂಗಡಿಯಲ್ಲಿ ಕುಂದಾ ಹದಕ್ಕೆ ಬಂತೋ ತಳ ಹಿಡಿಯಿತೋ ರಸ್ತೆಯಿಂದಲೇ ಹೇಳಬಹುದು. ನಿಮ್ಮ ಚಪ್ಪಲಿ ಸವೆದದ್ದನ್ನು ಸಿಗ್ನಲ್ಲಿನಲ್ಲಿ ನಿಂತವರೆಲ್ಲ ನೋಡಬಹುದು. ಪಕ್ಕದ ಸ್ಕೂಟರಿನವನು ನಿಮ್ಮನ್ನು ಎಂದೂ ಕಂಡವನಲ್ಲ, ಆದರೂ "ಸರ, ಬಾಗಲಾ ಕಳುವಾದುವೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮರುಗಿ, ಹಸಿರು ಬಿದ್ದೊಡನೆ ಹೋಗಿಬಿಡುತ್ತಾನೆ. ಮಳೆ ಬಂದರೆ ಬಲಗಾಲಿಗೆ ಪೂರ್ತಿ ಸ್ನಾನ, ಎಡಗಾಲಿಗೆ ಪ್ರೋಕ್ಷಣೆ. ಇಷ್ಟಾದರೂ ನನಗೆ ಅದು ಬಲು ಹಿಡಿಸಿತ್ತು.

ಬಾಗಿಲು ಇರುವುದು ಕಳ್ಳರ ಭಯಕ್ಕೆಂದು ನಾವೆಲ್ಲ ನಂಬಿದ್ದೇವೆ. ನನಗೀಗ ಆ ಮಾತಿನಲ್ಲಿ ಅನುಮಾನ. ಕಳ್ಳ ಜನ್ಮಕ್ಕೊಮ್ಮೆ ಬಂದಾನು. ಸಿಟ್ಟು ವಾರಕ್ಕೆರಡು ಸಲ ಬರುತ್ತದೆ. ಧಡಾರನೆ ಹಾಕಿಕೊಂಡು ಹೋಗಲು ಒಂದು ಬಾಗಿಲಿಲ್ಲದಿದ್ದರೆ ಸಿಟ್ಟಾದ ಮನುಷ್ಯ ತನ್ನ ಮರ್ಯಾದೆ ಉಳಿಸಿಕೊಳ್ಳುವುದಾದರೂ ಹೇಗೆ? ಇದನ್ನು ಯಾವ ಗ್ರಂಥದಿಂದಲೂ ಕಲಿತದ್ದಲ್ಲ, ನನ್ನ ಅಕ್ಕನ ಗಂಡನಿಂದ ಕಲಿತದ್ದು.

ನಾನು ಮಾಮಾ ಎಂದು ಕರೆಯುವ ಅವರು ಖಾನಾಪುರದಾಚೆ ಗುಂಜಿಯ ಹತ್ತಿರ ಭತ್ತದ ಗದ್ದೆ ಮಾಡಿಕೊಂಡಿರುವವರು. ಆ ಆಷಾಢಕ್ಕೆ ನಾಲ್ಕು ವರ್ಷ ಮೊದಲು ನಮ್ಮ ಮನೆಯ ಗೃಹಪ್ರವೇಶಕ್ಕೆ ತಮ್ಮ ಹೊಲದ ಅಕ್ಕಿಯನ್ನೇ ಚೀಲಗಟ್ಟಲೆ ತಂದಿಳಿಸಿದ್ದರು. ಪಂಕ್ತಿಯಲ್ಲಿ ಕೂತಾಗ ನನ್ನ ಹಲ್ಲಿಗೊಂದು ಹರಳು ಸಿಕ್ಕಿತು. ಸುಮ್ಮನೆ ಉಗುಳಿ ಉಣ್ಣಬಹುದಿತ್ತು. ಆದರೆ ನಾಲಿಗೆಗೆ ಬಂದ ಚೇಷ್ಟೆಯ ಮಾತನ್ನು ನುಂಗುವ ವಿದ್ಯೆ ನನಗೆ ಯಾರೂ ಕಲಿಸಿಲ್ಲ. "ನಮ್ಮ ಮಾಮಾರ ಹೊಲದಾಗ ಅಕ್ಕೀಕಿಂತಾ ಕಲ್ಲಿನ ಪೀಕ ಚಲೋ ಬರತೈತಿ" ಎಂದೆ. ಕಾಲೇಜಿನ ಗೆಳೆಯರೆಲ್ಲ ನಕ್ಕರು. ಮಾಮಾ ತಾಟು ಸರಿಸಿ, ಕೈ ತೊಳೆದು, ನನ್ನ ಹೊಸ ಸಾಗವಾನಿ ಬಾಗಿಲನ್ನು ಗೋಡೆ ಅದುರುವಂತೆ ಹಾಕಿಕೊಂಡು ಹೋದರು. ಅವರ ಹಿಂದೆ ಅಕ್ಕನೂ ಹೋದಳು.

ಅಲ್ಲಿಗೆ ನಮ್ಮ ಮನೆಯ ಪಂಚಮಿ ನಿಂತಿತು. ನಮ್ಮ ಕಡೆ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ; ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು, ಅವರು ತವರಿಗೆ ಬಂದು ಉಂಡಿ ತಿಂದು ಜೋಕಾಲಿ ಆಡಬೇಕು. ತಂದೆತಾಯಿ ಹೋದ ಮೇಲೆ ಅಕ್ಕನಿಗೆ ತವರೆಂದರೆ ನಾನೇ. ನಾಲ್ಕು ಪಂಚಮಿ ಅವಳು ಬರಲಿಲ್ಲ. ಗಿರಿಜಾ ಶೇಂಗಾ ಉಂಡಿ ಕಟ್ಟಿ ಬಸ್ಸಿನವರ ಕೈಯಲ್ಲಿ ಕಳಿಸುವಳು, ಅಕ್ಕ ಫೋನಿನಲ್ಲಿ ಅದೇ ಮಾತು ಹೇಳುವಳು: "ಅವರ ಜೋಡಿ ಮಾತು ಬಿಟ್ಟು ನನ್ನ ಒಬ್ಬಾಕೀನ ಕರದ್ರ ನಾ ಹೆಂಗ ಬರಲೋ ಶಿವಾ? ಮೊದಲ ಅವರ ಜೋಡಿ ಮಾತಾಡು." ಮಾತಾಡಲು ಏನಾಗಿತ್ತು ಎನ್ನುತ್ತೀರಿ. ಮಾಮಾ ನನ್ನ ಫೋನು ಎತ್ತುತ್ತಿರಲಿಲ್ಲ ಎಂಬುದು ಅರ್ಧ ನಿಜ. ನಾನು ಮಾಡಿದ್ದೇ ಎರಡು ಸಲ ಎಂಬುದು ಉಳಿದ ಅರ್ಧ.

ಐದನೆಯ ಪಂಚಮಿ ಇನ್ನು ಹತ್ತು ದಿನವಿದೆ ಎನ್ನುವಾಗ ಒಂದು ಭಾನುವಾರ ಜೀಪು ಹತ್ತಿದೆ. ಗುಂಜಿಯ ಆಚೆ ಕಾಡಂಚಿನ ಕೆಸರಿನಲ್ಲಿ ಗಾಡಿಯ ತಾಕತ್ತು ನೋಡಿ ಬರುತ್ತೇನೆಂದು ಗಿರಿಜಾಳಿಗೆ ಹೇಳಿದೆ, ನನಗೂ ಅದನ್ನೇ ಹೇಳಿಕೊಂಡೆ. ಖಾನಾಪುರ ಮುಟ್ಟುವ ಹೊತ್ತಿಗೆ ಮಳೆ ಹನಿಯಾಗಿತ್ತು. ಬಸ್ ನಿಲ್ದಾಣದ ಎದುರು ಗಾಡಿ ನಿಲ್ಲಿಸಿ, ರೇನ್‌ಕೋಟಿನ ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕನ್ನಡಕ ಒರೆಸುತ್ತಿದ್ದೆ. ಬೆಳಗಾವಿಯಲ್ಲಿ ಬಾಗಿಲಿಲ್ಲದ ಜೀಪೆಂದರೆ ಷೋಕಿ. ಖಾನಾಪುರದಲ್ಲಿ ಅದು ಸೀಟು ತುಂಬಿಸಿಕೊಂಡು ಹಳ್ಳಿಗೆ ಹೋಗುವ ಗಾಡಿ ಎಂಬುದು ನನಗೆ ಹೊಳೆದಿರಲಿಲ್ಲ. ಹಿಂದಿನ ಎದುರುಬದುರು ಬೆಂಚುಗಳ ಮೇಲೆ ದಬದಬ ಸದ್ದಾಯಿತು. ತಿರುಗಿ ನೋಡಿದರೆ ನಾಲ್ಕು ಜನ, ಒಂದು ಬುಟ್ಟಿ ಸೌತೆಕಾಯಿ. ಬುಟ್ಟಿಯ ಒಡತಿ, ಕಚ್ಚೆ ಸೀರೆಯ ಮುದುಕಿ, "ಬಿಡೋ ದಾದಾ, ಗುಂಜಿಗೆ. ಎಷ್ಟೊತ್ತ ನಿಂದರತಿ?" ಎಂದು ಅಪ್ಪಣೆ ಕೊಟ್ಟಳು. ಅಷ್ಟರಲ್ಲಿ ಮುಂದಿನ ಸೀಟಿಗೂ ಒಬ್ಬರು ಛತ್ರಿ ಮಡಚುತ್ತ, ನನ್ನ ಮುಖ ನೋಡದೆ ಹತ್ತಿ ಕೂತರು. ಮಾಮಾ.

ಇದು ಪ್ಯಾಸೆಂಜರ್ ಗಾಡಿಯಲ್ಲ ಎಂದು ಹೇಳಲು ಬಾಯಿ ತೆರೆದರೆ ದನಿ ಗುರುತು ಸಿಗುತ್ತಿತ್ತು. ಸುಮ್ಮನೆ ಗೇರು ಹಾಕಿದೆ. ಮಲಪ್ರಭೆಯ ಸೇತುವೆ ದಾಟಿದ ಮೇಲೆ ಅವರು ಛತ್ರಿ ಇಡಲು ಜಾಗ ಕೇಳುವುದಕ್ಕೆ ನನ್ನ ಕಡೆ ತಿರುಗಿದರು. ತಿರುಗಿದವರು ಗುರುತು ಹತ್ತಿ ಹಾಗೇ ಉಳಿದರು. ಆಮೇಲೆ ಅವರ ಎಡಗೈ ತಾನಾಗಿ ಪಕ್ಕಕ್ಕೆ ಹೋಗಿ ಬಾಗಿಲಿನ ಹಿಡಿಯನ್ನು ಹುಡುಕಿತು. ಹಿಡಿಯಿರಲಿಲ್ಲ, ಬಾಗಿಲೂ ಇರಲಿಲ್ಲ. ಓಡುವ ರಸ್ತೆ ಮಾತ್ರ ಇತ್ತು. ಹಾಕಿಕೊಂಡು ಹೋಗಲು ಏನೂ ಸಿಗದ ಆ ಕೈ ಗಾಳಿಯಲ್ಲಿ ಒಂದು ಕ್ಷಣ ತಡವರಿಸಿದ್ದನ್ನು ನೋಡಿ ನನಗೆ ನಗು ಬರಬೇಕಿತ್ತು. ಬರಲಿಲ್ಲ, ಅಯ್ಯೋ ಅನಿಸಿತು. ಮುಂದಿನ ತಿರುವಿನಲ್ಲಿ ಜೀಪು ವಾಲಿದಾಗ ಅದೇ ಕೈ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು, ತಿರುವು ಮುಗಿದೊಡನೆ ಬಿಟ್ಟಿತು.

"ಮಾಮಾ, ತಪ್ಪಾತು" ಎಂದೆ.

ಆದರೆ ಬಾಗಿಲಿಲ್ಲದ ಗಾಡಿಯಲ್ಲಿ ಪಿಸುಮಾತಿಗೆ ಜಾಗವಿಲ್ಲ. ಗಾಳಿ, ಮಳೆ, ಇಂಜಿನ್ನು, ಪಟಪಟ ಬಡಿಯುವ ಮೇಲಿನ ಟಾಡಪಾಲಿನ ಹೊದಿಕೆ. ಮಾಮಾ ಮುಂದೆಯೇ ನೋಡುತ್ತಿದ್ದರು. ಇನ್ನೊಮ್ಮೆ ಜೋರಾಗಿ ಹೇಳಿದೆ. ಮೂರನೆಯ ಸಲ ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ದನಿಯಲ್ಲಿ ಕೂಗಿದೆ. ಹಿಂದಿನಿಂದ ಮುದುಕಿ ಮಾಮಾರ ಭುಜ ತಟ್ಟಿ, "ತಪ್ಪಾತು ಅನ್ನಾಕತ್ತಾನ್ರಿ ಡ್ರೈವರ" ಎಂದು ಮುಟ್ಟಿಸಿದಳು.

ಮಾಮಾ ನನ್ನ ಕಡೆ ನೋಡದೆ ಆಕೆಗೇ ಹೇಳಿದರು: "ಏನ್ ತಪ್ಪ ಅಂತ ಕೇಳಬೇ ಅವಂಗ."

"ಏನ್ ತಪ್ಪೋ ದಾದಾ?"

ಹೀಗೆ ನಾನು ಆ ಹಾಳು ಮಾತನ್ನು, ಕಲ್ಲಿನ ಪೀಕನ್ನು, ಖಾನಾಪುರ ತಾಲೂಕಿನ ನಾಲ್ಕು ಮಂದಿ ಗದ್ದೆಯವರ ಮುಂದೆ ಮತ್ತೊಮ್ಮೆ ಕೂಗಿ ಹೇಳಬೇಕಾಯಿತು. ಗೃಹಪ್ರವೇಶದಲ್ಲಿ ಅಷ್ಟು ನಗೆ ಎಬ್ಬಿಸಿದ್ದ ಮಾತಿಗೆ ಇಲ್ಲಿ ಒಬ್ಬರೂ ನಗಲಿಲ್ಲ. ಎರಡೂ ಕಡೆ ಮೊನ್ನೆಯಷ್ಟೇ ನಾಟಿಯಾದ ಗದ್ದೆಗಳು, ಕೆಸರಿನಲ್ಲಿ ಸೊಂಟ ಬಗ್ಗಿಸಿದ ಜನ. ಮುದುಕಿ ಕೂಗದೆ, ಆದರೆ ನನಗೆ ಕೇಳುವ ಹಾಗೆ ಅಂದಳು: "ಹರಳ ಇದ್ರ ಆರಿಸಿ ಬಾಜೂಕ ಇಡಬೇಕಪಾ. ಬೆಳದಾಂವನ ಮುಂದ ಕುಂತ ನಗತಾರೇನು?"

ಗಣಿತದಲ್ಲಿ ನಾನು ಎಷ್ಟೋ ಮಕ್ಕಳಿಗೆ ತಪ್ಪು ಎಲ್ಲಾಯಿತೆಂದು ತೋರಿಸಿಕೊಟ್ಟಿದ್ದೇನೆ. ನನಗೆ ತೋರಿಸಿಕೊಡಲು ಆಕೆಗೆ ಒಂದೇ ವಾಕ್ಯ ಸಾಕಾಯಿತು. ನಾಚಿಕೆಯಾಯಿತು, ಮಳೆಯ ನೆಪದಲ್ಲಿ ಮುಖ ಒರೆಸಿಕೊಂಡೆ. "ಮಾಮಾ, ಅಕ್ಕ ಬರದ ನಾಕ ಪಂಚಮಿ ಆದೂವು. ಮನಿ ಬಣಬಣ ಅಂತೈತಿ. ನನ್ನಿಂದನ ಆಗೈತಿ, ನನಗ ಗೊತ್ತೈತಿ. ಬಿಟ್ಟಬಿಡ್ರಿ ಇನ್ನ" ಎಂದು ಕೂಗಿದೆ.

ಗುಂಜಿಯಲ್ಲಿ ಹಿಂದಿನವರೆಲ್ಲ ಇಳಿದರು. ಮುದುಕಿ ನನ್ನ ತೊಡೆಯ ಮೇಲೆ ಎರಡು ಸೌತೆಕಾಯಿ ಇಟ್ಟು ನಡೆದಳು. ಇಂಜಿನ್ ನಿಲ್ಲಿಸಿದ ಮೇಲೆ ಎಷ್ಟು ನಿಶ್ಶಬ್ದವೆಂದರೆ ಛತ್ರಿಯ ತುದಿಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಮಾಮಾ ಇಳಿದು ಗಾಡಿಯನ್ನೊಮ್ಮೆ ಮುಂದಿನಿಂದ ಹಿಂದಿನವರೆಗೆ ನೋಡಿದರು.

"ಇದರ ಬಾಗಲಾ ಎಲ್ಲಿ ಅದಾವು?"

"ಮನ್ಯಾಗ ಅದಾವ್ರಿ, ಮಂಚದ ಕೆಳಗ."

"ನಿಮ್ಮಕ್ಕನ್ನ ಕರಿಯಾಕ ಬರೂ ಮುಂದ ಹಚ್ಕೊಂಡ ಬಾ. ತಂಡೀ ಗಾಳಿ ಆಕೀಗೆ ತಡಿಯೂದಿಲ್ಲ" ಎಂದು, ನಾನು ಏನಾದರೂ ಅನ್ನುವ ಮೊದಲೇ ಛತ್ರಿ ಬಿಚ್ಚಿ ಗದ್ದೆಯ ಬದುವಿನ ಮೇಲೆ ನಡೆದುಬಿಟ್ಟರು.

ಬಿಚ್ಚುವುದಕ್ಕೆ ಅರ್ಧ ತಾಸು ಹಿಡಿದ ಬಾಗಿಲುಗಳನ್ನು ಹಚ್ಚುವುದಕ್ಕೆ ಇಡೀ ಒಂದು ದಿನ ಬೇಕಾಯಿತು. ಗಿರಿಜಾ ಬೋಲ್ಟುಗಳನ್ನು ಸೆರಗಿನಲ್ಲಿ ಹಿಡಿದುಕೊಂಡು ಒಂದೊಂದೇ ಕೊಟ್ಟಳು. ಪಂಚಮಿಯ ಮುನ್ನಾದಿನ ಗುಂಜಿಗೆ ಹೋದೆ. ಅಕ್ಕ ಹಸಿರು ಸೀರೆ ಉಟ್ಟು, ಚೀಲ ಹಿಡಿದು, ಎಷ್ಟು ಹೊತ್ತಿನಿಂದ ಅಂಗಳದಲ್ಲಿ ನಿಂತಿದ್ದಳೋ. ಹತ್ತಿ ಕೂತು ಬಾಗಿಲು ಎಳೆದುಕೊಂಡಳು. ಅದು ಪೂರ್ತಿ ಕೂಡಲಿಲ್ಲ. ಮಾಮಾ ಮಳೆಯಲ್ಲೇ ಬಂದು, ಬಾಗಿಲನ್ನು ತೆರೆದು, ಹೊರಗೆ ಇಳಿಬಿದ್ದಿದ್ದ ಅವಳ ಸೆರಗನ್ನು ಒಳಗಿಟ್ಟು, ಮಲಗಿದ ಕೂಸಿಗೆ ಎಚ್ಚರವಾಗಬಾರದೆಂಬಷ್ಟು ಮೆಲ್ಲಗೆ ಹಾಕಿದರು.