ಹೆಬ್ಬೆರಳಿನ ಕೆಳಗಿದ್ದ ಸುಳಿ

ಕುದುರೆಯ ಕಣ್ಣ ಕೆಳಗೆ ಸುಳಿ ಇತ್ತು, ಮಂಜುಳಾ. ನಾನು ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದುಕೊಂಡು, ಇಲ್ಲ ಎಂದೆ. ನೀನು ಕಂಡದ್ದೇ ನಿಜ, ನಾನು ಹೇಳಿದ್ದು ಸುಳ್ಳು. ಆ ಸುಳ್ಳನ್ನು ಹಿಡಿದುಕೊಂಡೇ ನಿನ್ನನ್ನು ಗಂಡನ ಮನೆಯಿಂದ ಹೊರಗೆ ಹಾಕಿದರು. ಇಷ್ಟನ್ನು ಬರೆಯಲು ನನ್ನ ತಲೆ ಪೂರ್ತಿ ನೆರೆಯಬೇಕಾಯಿತು.

ಬೇರೆಯವರು ಇದನ್ನು ಓದಿದರೆ ನಾನು ಯಾರೆಂದು ಅವರಿಗೂ ಗೊತ್ತಾಗಲಿ. ತರೀಕೆರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹಗ್ಗ, ಲಗಾಮು, ಗೆಜ್ಜೆ ಮಾರುವ ರಂಗಪ್ಪ ನಾನೇ. ಅಂಗಡಿಯಿಂದ ಹೊಟ್ಟೆ ತುಂಬಿತು. ಹೆಸರು ಬಂದದ್ದು ಸುಳಿ ನೋಡುವುದರಿಂದ. ಕುದುರೆಯ ಮೈಮೇಲೆ ಕೂದಲು ಒಂದು ಕಡೆ ಸುತ್ತಿಕೊಂಡು ಬೆಳೆದಿರುತ್ತದಲ್ಲ, ಅದೇ ಸುಳಿ. ನಮ್ಮ ನೆತ್ತಿಯ ಮೇಲೂ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಕುದುರೆಗಾದರೆ, ಗಂಟಲಲ್ಲಿದ್ದರೆ ದೇವಮಣಿ — ಮನೆ ಉದ್ಧಾರ. ಕಣ್ಣ ಕೆಳಗಿದ್ದರೆ ಕಣ್ಣೀರು ಸುಳಿ — ಮನೆಯಲ್ಲಿ ಸಾವು. ಅಪ್ಪ ಕಲಿಸಿದ ವಿದ್ಯೆ. ಅಪ್ಪ ಅದನ್ನು ನಂಬಿದ್ದ, ಪಾಪ. ನಾನು ಒಂದು ದಿನವೂ ನಂಬಲಿಲ್ಲ.

ನಂಬದೆಯೇ ಹೇಳಿಕೊಂಡು ಬಂದೆ. ಕಡೂರಿನ ವಕೀಲರು, ಅಜ್ಜಂಪುರದ ಮೇಷ್ಟರು ಬಂದು ಕೈಕಟ್ಟಿ ನಿಲ್ಲುವರು. ಈಗಂತೂ ವಾಟ್ಸಾಪಿನಲ್ಲಿ ಕುದುರೆಯ ಕುತ್ತಿಗೆಯ ಫೋಟೊ ಕಳಿಸಿ ‘ಹೇಗಿದೆ ಸಾರ್’ ಎನ್ನುತ್ತಾರೆ. ಕಾಲಲ್ಲಿ ಒದ್ದರೆ ಪ್ರಾಣ ಹೋಗುವಂಥ ಪ್ರಾಣಿಯ ಕಾಲಿಗೆ ಹೆದರದೆ ಅದರ ಕೂದಲಿಗೆ ಹೆದರುವ ಇಂಥವರನ್ನು ಕಂಡರೆ ನನಗೆ ಒಳಗೊಳಗೇ ನಗು. ನಗುತ್ತಲೇ ಮುಖ ಗಂಟು ಹಾಕಿಕೊಂಡು, ಹಣೆ ಸವರಿ, ಎದೆ ಸವರಿ, ಏನೋ ಲೆಕ್ಕ ಹಾಕಿದಂತೆ ಬೆರಳು ಮಡಿಸಿ ಆಮೇಲೆ ಬಾಯಿ ಬಿಡುತ್ತಿದ್ದೆ. ಅವರು ದಡ್ಡರು, ಹೋಗಲಿ. ದಡ್ಡತನವೆಂದು ಗೊತ್ತಿದ್ದೂ ಅದರ ಮೇಲೆ ಪೇಟ ಸುತ್ತಿಕೊಂಡು ಕೂತವನು — ನಾನು.

ಅಜ್ಜಂಪುರದ ಈರುಳ್ಳಿ ವ್ಯಾಪಾರಿ ಶೇಖರಪ್ಪ ಅಂಥವರಲ್ಲೇ ಮೊದಲನೆಯವನು. ಎದುರು ಮನೆಯವರು ಮಗನ ಮದುವೆಗೆ ಕಾರಿಗೆ ಹೂ ಸುತ್ತಿಸಿದರೆಂದು, ತನ್ನ ದೊಡ್ಡ ಮಗ ದಿನೇಶ ಕುದುರೆಯ ಮೇಲೇ ಬರಬೇಕೆಂದು ಹಟ ಹಿಡಿದ. ಬಾಡಿಗೆ ಕುದುರೆ ಆಗದು, ಸ್ವಂತದ್ದೇ ಬೇಕು. ಕಡೂರಿನಲ್ಲಿ ನನ್ನ ಭಾವಮೈದುನನ ಹತ್ತಿರ ಬೆಳ್ಳಿ ಎಂಬ ಹೆಣ್ಣು ಕುದುರೆ ಇತ್ತು. ಚೆಲುವೆ, ಸಾಧು, ಗಂಟಲಲ್ಲಿ ದೇವಮಣಿ ಕೂಡ. ಆದರೆ ಎಡಗಣ್ಣಿನ ಕೆಳಗೆ ಕಣ್ಣೀರು ಸುಳಿ, ಅದಕ್ಕೇ ಯಾರೂ ಕೊಳ್ಳುತ್ತಿರಲಿಲ್ಲ. ನಾನು ಕಡೂರಿಗೆ ಹೋಗಿ ಅದರ ಕೆನ್ನೆಯ ಕೂದಲನ್ನು ಬ್ಲೇಡಿನಲ್ಲಿ ಕೆರೆದು, ಎಣ್ಣೆ ಸವರಿ, ಶೇಖರಪ್ಪನಿಗೆ ತೋರಿಸಿದೆ. ಮುಖದ ಹಗ್ಗ ಉಜ್ಜಿ ಅಲ್ಲಿ ಕೂದಲು ಹೋಗಿದೆ ಎಂದೆ. ಹಗ್ಗ ಮಾರುವವನ ಮಾತು ಹಗ್ಗದ ವಿಷಯದಲ್ಲಿ ಸುಳ್ಳಾಗುತ್ತದೆಯೇ?

ನೀನೂ ಬೆಳ್ಳಿಯೂ ಒಂದೇ ವಾರದಲ್ಲಿ ಆ ಮನೆಗೆ ಬಂದಿರಿ.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ನಾನು ಆ ಮನೆಗೆ ಬಂದಾಗ ನೀನು ಬೆಳ್ಳಿಯ ಮೈ ಉಜ್ಜುತ್ತಿದ್ದೆ. ಆ ಮನೆಯಲ್ಲಿ ಅದನ್ನು ಮುಟ್ಟುತ್ತಿದ್ದವಳು ನೀನೊಬ್ಬಳೇ. ಉಳಿದವರಿಗೆ ಅದು ಬೀದಿಯವರು ನೋಡಲೆಂದು ಕಟ್ಟಿದ ವಸ್ತು. ನಿನ್ನ ಮಾವ ನನ್ನನ್ನು ಅಣ್ಣ ಎನ್ನುತ್ತಿದ್ದುದರಿಂದ ನಿನಗೆ ನಾನು ದೊಡ್ಡಪ್ಪ. ನೀನು ಕೇಳಿದೆ:

“ದೊಡ್ಡಪ್ಪಾ, ಇಲ್ಲಿ ಕೂದ್ಲು ಒಂಥರಾ ಸುತ್ಕಂಡು ಬತ್ತೈತಲ್ಲ, ಏನಿದು?”

ಇದನ್ನೇ ಇನ್ನೊಬ್ಬರನ್ನು ಕೇಳಿಬಿಡುತ್ತೀಯೆಂದು ಹೆದರಿದೆ. ನಿನಗೆ ಎಲ್ಲ ಹೇಳಿಬಿಟ್ಟೆ, ಬ್ಲೇಡಿನ ವಿಷಯವನ್ನೂ. “ಯಾರ್ಗೂ ಹೇಳ್ಬೇಡ ಕಣಮ್ಮ. ಹೇಳುದ್ರೆ ಈ ಮೂಕಪ್ರಾಣೀನ ಮನೇಲಿಟ್ಕಳಲ್ಲ” ಎಂದೆ. ನೋಡು, ಆಗಲೂ ನನ್ನ ಹೆಸರನ್ನು ಉಳಿಸಿಕೊಳ್ಳಲು ಮೂಕಪ್ರಾಣಿಯನ್ನು ಮುಂದೆ ತಳ್ಳಿದೆ. ನೀನು ನಕ್ಕು ಮುಖದ ಹಗ್ಗವನ್ನು ಸ್ವಲ್ಪ ಸರಿಸಿ, ಸುಳಿಯ ಮೇಲೆ ಬರುವಂತೆ ಬಿಗಿದೆ. ಅಂದಿನಿಂದ ನನ್ನ ಗುಟ್ಟನ್ನು ನೀನೇ ಕಾದೆ.

ಆಮೇಲೆ ದಿನೇಶ ಹೋದ. ಕುಡಿದು, ತರೀಕೆರೆ ರಸ್ತೆಯಲ್ಲಿ ನಿಂತಿದ್ದ ಲಾರಿಗೆ ಬೈಕು ಗುದ್ದಿದ. ಅವನು ಕುಡಿದಿದ್ದನೆಂದು ಊರಿಗೆಲ್ಲ ಗೊತ್ತು. ಅವನ ಜೊತೆ ಕೂತು ಕುಡಿದವರೇ ಹೆಣಕ್ಕೆ ಹೆಗಲು ಕೊಟ್ಟರು. ಆದರೆ ಬಾಟಲಿಗೆ ಸುಳಿ ಇರುವುದಿಲ್ಲವಲ್ಲ, ಅದನ್ನು ಪರೀಕ್ಷೆ ಮಾಡಲು ಯಾರನ್ನೂ ಕರೆಸಲಿಲ್ಲ. ತಿಥಿ ಮುಗಿದ ಮಾರನೆಯ ದಿನ ನನ್ನನ್ನು ಕರೆಸಿದರು.

ಅಂಗಳದ ತುಂಬ ಜನ. ಸಾವಿನ ಮನೆಯ ಊಟ ಇನ್ನೂ ಅರಗಿರಲಿಲ್ಲ, ನ್ಯಾಯ ಹೇಳಲು ಕೂತಿದ್ದರು. ಬೆಳ್ಳಿಯನ್ನು ನಡುವೆ ನಿಲ್ಲಿಸಿದ್ದರು. ನೀನು ಬಾಗಿಲ ಬಳಿ ಗೋಡೆಗೆ ಒರಗಿದ್ದೆ. ಶೇಖರಪ್ಪ ಕೇಳಿದ:

“ರಂಗಣ್ಣ, ಒಂದೇ ವಾರ್ದಲ್ಲಿ ಎಲ್ಡು ಈ ಮನೆ ಹೊಸ್ಲು ತುಳುದ್ವು. ಇದ್ರಲ್ಲಿ ಯಾವ್ದು ನನ್ನ ಮಗನ್ನ ತಿಂತು, ನೀನೇ ಹೇಳಪ್ಪ.”

ಎರಡು! ಸೊಸೆಯನ್ನೂ ಕುದುರೆಯನ್ನೂ ಒಟ್ಟಿಗೆ ಸೇರಿಸಿ ಆಡಿದ ಆ ಮಾತಿಗೆ ಅಲ್ಲಿದ್ದ ಒಬ್ಬ ಗಂಡಸೂ ತಲೆ ತಗ್ಗಿಸಲಿಲ್ಲ. ನಾನೂ ತಗ್ಗಿಸಲಿಲ್ಲ. ಹೋಗಿ ಬೆಳ್ಳಿಯ ಮುಖದ ಹಗ್ಗ ಬಿಚ್ಚಿದೆ.

ಕೂದಲು ಪೂರ್ತಿ ಬೆಳೆದಿತ್ತು. ಸುಳಿ ಎದ್ದು ಕಾಣುತ್ತಿತ್ತು. ಅದನ್ನು ತೋರಿಸಿದರೆ ತಪ್ಪು ಕುದುರೆಯ ಮೇಲೆ ಹೋಗುತ್ತದೆ, ಕುದುರೆಯಿಂದ ಅದನ್ನು ಆರಿಸಿಕೊಟ್ಟ ನನ್ನ ಮೇಲೆ ಬರುತ್ತದೆ. ಮುಚ್ಚಿದರೆ — ಮುಚ್ಚಿದರೆ ಉಳಿಯುವವಳು ನೀನೊಬ್ಬಳು. ಇದು ನನಗೆ ಹೊಳೆಯಲಿಲ್ಲ ಎಂದು ಬರೆಯಬಹುದಿತ್ತು. ಹೊಳೆದಿತ್ತು, ಮಂಜುಳಾ. ಹೊಳೆದ ಮೇಲೆಯೇ ಹೆಬ್ಬೆರಳನ್ನು ಅಲ್ಲಿ ಒತ್ತಿದೆ. ಇನ್ನೊಂದು ಕೈಯಿಂದ ಬೆಳ್ಳಿಯ ಗದ್ದ ಎತ್ತಿ, “ನೋಡ್ರಿ, ದೇವಮಣಿ” ಎಂದೆ. ಅಷ್ಟೂ ಜನ ಗಂಟಲು ನೋಡಲು ಬಗ್ಗಿದರು. ಕಣ್ಣು ನೋಡುವುದು ಬಿಟ್ಟು ಗಂಟಲು ನೋಡಿದ ಆ ಬುದ್ಧಿವಂತರ ಮುಖಗಳು ಈಗಲೂ ನೆನಪಿವೆ.

ಆಗ ನೀನು ಬಾಗಿಲಿಂದ ಹೇಳಿದೆ, ಕೂಗಲಿಲ್ಲ, ಕೇಳುವಷ್ಟೇ ಹೇಳಿದೆ:

“ದೊಡ್ಡಪ್ಪಾ, ಹೆಬ್ಬೆಟ್ಟು ಒಸಿ ತೆಗೀರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಬೆಳ್ಳಿ ಕೂಡ ಕಿವಿ ನಿಗುರಿಸಿತು, ಅದಕ್ಕೆ ನಿನ್ನ ದನಿ ಗೊತ್ತಿತ್ತು. ಕೂದಲಿಗೂ ಸಾವಿಗೂ ಸಂಬಂಧವಿಲ್ಲ ಎಂದು ಆ ಅಂಗಳದಲ್ಲಿ ಗಟ್ಟಿಯಾಗಿ ಗೊತ್ತಿದ್ದವನು ನಾನೊಬ್ಬನೇ. ಅಷ್ಟನ್ನೇ ಹೇಳಿದ್ದರೆ — ಕುದುರೆಯದೂ ತಪ್ಪಲ್ಲ, ಹುಡುಗಿಯದೂ ತಪ್ಪಲ್ಲ, ನಿನ್ನ ಮಗ ಕುಡಿದಿದ್ದ ಎಂದಿದ್ದರೆ — ಅದಲ್ಲ ನಾನು ಹೇಳಿದ್ದು.

“ಪಾಪ, ದುಃಖ್ದಲ್ಲವ್ಳೆ, ಏನೋ ಅಂತಾಳೆ. ಒಳಕ್ಕೆ ಕರ್ಕಂಡೋಗ್ರಿ. ಕುದ್ರೆ ಶುದ್ಧವಾಗೈತೆ.”

ನಿನ್ನ ಅತ್ತೆ, “ಹಂಗಾರೆ ಇವ್ಳೇ” ಎಂದಳು. ಅಷ್ಟೇ. ನಾನು ಮುಖದ ಹಗ್ಗವನ್ನು ಮತ್ತೆ ಸುಳಿಯ ಮೇಲೆ ಬರುವಂತೆ ಬಿಗಿದೆ. ಸಂಜೆಯ ಬಸ್ಸಿಗೆ ನಿನ್ನ ಅಣ್ಣ ಬಂದು ಅಂತರಘಟ್ಟೆಗೆ ಕರೆದುಕೊಂಡು ಹೋದ. ನೀನು ಹತ್ತುವಾಗ ಬಸ್ ನಿಲ್ದಾಣದಲ್ಲಿ ನಾನೂ ಇದ್ದೆ. ತರೀಕೆರೆಯ ಬಸ್ಸು ಕಾಯುವವನಂತೆ ಬೆನ್ನು ತಿರುಗಿಸಿ ನಿಂತಿದ್ದೆ.

ಮಾರನೆಯ ದಿನ ಬೆಳ್ಳಿಗೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದರಂತೆ. ಮನೆಯಲ್ಲಿ ಉಳಿದ ಭಾಗ್ಯವೆಂದರೆ ಇದೊಂದೇ ಎಂದು ನೆನೆಸಿದ ಹುರುಳಿಯನ್ನು ಬುಟ್ಟಿ ತುಂಬ ಹಾಕಿ ಸಾಕಿದರು. ಕಣ್ಣೀರು ಸುಳಿಯ ಕುದುರೆ ಆ ಮನೆಯಲ್ಲಿ ಮಹಾಲಕ್ಷ್ಮಿಯಾಯಿತು. ನಿನ್ನ ಕಾಲ್ಗುಣದ ಸುದ್ದಿ ಮಾತ್ರ ನಿನಗಿಂತ ಮೊದಲೇ ಅಂತರಘಟ್ಟೆ ತಲುಪಿತ್ತು. ಅತ್ತಿಗೆಯೂ ನಿನ್ನನ್ನು ಇಟ್ಟುಕೊಳ್ಳಲಿಲ್ಲ. ನೀನು ತರೀಕೆರೆಗೆ ಬಂದು ಹಾಸ್ಟೆಲ್ಲಿನ ಅಡುಗೆಮನೆ ಸೇರಿದೆ. ನನ್ನ ಅಂಗಡಿಯಿಂದ ಎರಡು ಬೀದಿ ಆಚೆ. ಗೊತ್ತಿದ್ದೂ ನಾನು ಆ ಬೀದಿಗೆ ಕಾಲಿಡಲಿಲ್ಲ.

ಹೋದ ವರ್ಷ ನೀನೇ ಬಂದೆ. ಹಾಸ್ಟೆಲ್ಲಿನ ಬಾವಿಗೆ ಹಗ್ಗ ಬೇಕಿತ್ತು. ನಾನು ಹಗ್ಗ ಅಳೆಯುತ್ತ ತೊದಲಿ ತೊದಲಿ ಶುರು ಮಾಡಿದೆ — ಆವತ್ತು, ಬೆಳ್ಳಿದು, ನನ್ನಿಂದ ತಪ್ಪು — ನೀನು ಪೂರ್ತಿ ಹೇಳಲು ಬಿಡಲಿಲ್ಲ.

“ನನ್ನತ್ರ ಹೇಳುದ್ರೆ ನಿಮ್ಗೆ ಹಗುರಾಯ್ತದೆ. ನನ್ಗೇನಾಯ್ತದೆ? ಹೇಳಂಗಿದ್ರೆ ಅದೇ ಅಂಗ್ಳದಾಗೆ ಹೇಳ್ರಿ.”

ನೀನು ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಹೋದೆ. ದೊಡ್ಡಪ್ಪ ಎನ್ನಲಿಲ್ಲ.

ಆಮೇಲೆ ನಾನು ಅಜ್ಜಂಪುರಕ್ಕೆ ಎರಡು ಸಲ ಹೋಗಿದ್ದೇನೆ, ಹೇಳಲೆಂದೇ. ಎರಡು ಸಲವೂ ಶೇಖರಪ್ಪ ಕುರ್ಚಿ ಹಾಕಿಸಿದ, ಕಾಫಿ ತರಿಸಿದ. ಈರುಳ್ಳಿಯ ಧಾರಣೆ ಮಾತಾಡಿ, ಕಾಫಿ ಕುಡಿದು, ವಾಪಸ್ಸು ಬಂದೆ. ಕಾಫಿ ಚೆನ್ನಾಗಿತ್ತು ಎಂದು ಹೇಳಿ ಬಂದೆ ಕೂಡ. ನನ್ನಂಥ ಹೇಡಿಗೆ ಒಂದು ಲೋಟ ಕಾಫಿ ಸಾಕು, ಬಾಯಿ ಮುಚ್ಚಲು.

ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಶೇಖರಪ್ಪನ ಕಿರಿಯ ಮಗನಿಗೆ ಮೊನ್ನೆ ಮದುವೆಯಾಯಿತು. ಬೆಳ್ಳಿ ಸಾಯುವ ಮೊದಲು ಕಡೆಯದಾಗಿ ಹಾಕಿದ ಮರಿಯೂ ಆ ಮನೆಯಲ್ಲಿದೆ. ನಿನ್ನೆ ಶೇಖರಪ್ಪ ಫೋನ್ ಮಾಡಿದ. “ಹೊಸ್ದಾಗಿ ಸೊಸೆ ಬಂದವ್ಳೆ, ಮರಿ ಸುಳೀನೂ ಒಂದ್ಸಲ ನೋಡ್ಬಿಡು ರಂಗಣ್ಣ” ಎಂದ. ಹಿಂದೆಯೇ ಫೋಟೊ ಬಂತು. ಮರಿಯ ಹಗ್ಗ ಹಿಡಿದು ನಿಂತ ಹುಡುಗಿ ನಗುತ್ತಿದ್ದಾಳೆ. ಮರಿಯ ಎಡಗಣ್ಣಿನ ಕೆಳಗೆ, ತಾಯಿಗಿದ್ದಲ್ಲೇ, ಸುಳಿ. ಅವರಿಗೆ ಕಂಡಿಲ್ಲ, ಅವರಿಗೆ ಎಂದೂ ಕಾಣುವುದಿಲ್ಲ, ತೋರಿಸಿದ್ದನ್ನಷ್ಟೇ ನೋಡುವ ಜನ. ನಾಳೆ ಆ ಮನೆಯಲ್ಲಿ ಯಾರಿಗೋ ಜ್ವರ ಬಂದರೂ ಸಾಕು, ಮತ್ತೆ ಈ ಎರಡರಲ್ಲಿ ಯಾವುದು ಎಂದು ಕೇಳುತ್ತಾರೆ.

ಭಾನುವಾರ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಮರಿಯ ಮೈ ಮುಟ್ಟುವುದಿಲ್ಲ, ಕೈ ಹಿಂದಕ್ಕೆ ಕಟ್ಟಿಕೊಂಡೇ ನಿಲ್ಲುತ್ತೇನೆ. ಆ ಹುಡುಗಿಯನ್ನೂ ಹೊರಗೆ ಕರೆಸಿ, ಅವಳ ಎದುರಿಗೇ ಹೇಳುತ್ತೇನೆ: ಇದು ಬರೀ ಕೂದಲು, ಇದರ ತಾಯಿಗೂ ಇತ್ತು, ನಾನು ಮುಚ್ಚಿಟ್ಟೆ, ದಿನೇಶನನ್ನು ತಿಂದದ್ದು ಹೆಂಡ, ಮಂಜುಳಾ ಆವತ್ತು ಹೇಳಿದ್ದು ನಿಜ. ಅವರು ನಂಬುತ್ತಾರೆಂಬ ಭರವಸೆ ನನಗಿಲ್ಲ. ನೀನು ಕ್ಷಮಿಸಬೇಕೆಂದು ಕೇಳುವ ಮುಖವೂ ನನಗಿಲ್ಲ.

ಕಾಫಿ ತಂದರೆ, ಮಾತು ಮುಗಿಯುವವರೆಗೆ ಲೋಟ ಮುಟ್ಟುವುದಿಲ್ಲ. ಮುಗಿದ ಮೇಲೆ ಆ ಮನೆಯಲ್ಲಿ ನನಗೆ ಯಾರೂ ಕಾಫಿ ಕೊಡುವುದಿಲ್ಲ.