ಮೂವತ್ತನಾಲ್ಕು ಡಿಗ್ರಿಗೆ ಇಳಿಯದ ನೀರು

ನಾನು ನಿವೃತ್ತನಾಗುವುದಕ್ಕೆ ಹಿಂದಿನ ಬೇಸಿಗೆ. ಕಲಬುರಗಿಯ ಖಾಸಗಿ ಪ್ರಯೋಗಾಲಯವೊಂದರಲ್ಲಿ ಅಳತೆ ಉಪಕರಣಗಳ ನಿಖರತೆ ಪರೀಕ್ಷಿಸುವುದು ನನ್ನ ಕೆಲಸ. ಕಮಲಾಪುರದ ಲಾರಿ ಯಾರ್ಡೊಂದರಿಂದ ಬ್ರೆತ್ ಅನಲೈಸರ್, ಅಂದರೆ ಕುಡಿದದ್ದನ್ನು ಉಸಿರಿನಲ್ಲಿ ಅಳೆಯುವ ಮಷೀನು, ಪರೀಕ್ಷೆಗೆ ಬಂತು.

ಲಾರಿ ಪಲ್ಟಿಯಾಗಿ ಕ್ಲೀನರ್ ಮಹಾದೇವ ಸತ್ತಿದ್ದ. ಓಡಿಸುತ್ತಿದ್ದವನು ಅವನ ಹೆಂಡತಿ ಕಸ್ತೂರಿಬಾಯಿಯ ಸ್ವಂತ ಅಣ್ಣ ಬಸವರಾಜ. ಆ ಬೆಳಿಗ್ಗೆ ಯಾರ್ಡಿನಲ್ಲಿ ಊದಿದಾಗ ಮಷೀನು ಇಪ್ಪತ್ತೇಳು ತೋರಿಸಿತ್ತು. ನೂರು ಮಿಲಿಲೀಟರ್ ರಕ್ತದಲ್ಲಿ ಮೂವತ್ತು ಮಿಲಿಗ್ರಾಂ ಮದ್ಯಸಾರದವರೆಗೆ ಕಾನೂನು ಸುಮ್ಮನಿರುತ್ತದೆ. ಆದರೆ ಆಸ್ಪತ್ರೆಯಲ್ಲಿ ತೆಗೆದ ರಕ್ತದಲ್ಲಿ ಮಿತಿ ಮೀರಿತ್ತು. ಅಣ್ಣ ಬೇರೆಯವರಿಂದ ಊದಿಸಿ ಮೋಸ ಮಾಡಿದ್ದಾನೆಂದು ಕಸ್ತೂರಿಬಾಯಿ ಅವನೊಂದಿಗೆ ಮಾತು ಬಿಟ್ಟಿದ್ದಳು.

ನಮ್ಮ ಪರೀಕ್ಷೆ ಸರಳ. ಅಳತೆಗೆ ತಕ್ಕಷ್ಟು ಮದ್ಯಸಾರ ಬೆರೆಸಿದ ನೀರನ್ನು ಸಿಮ್ಯುಲೇಟರ್ ಎಂಬ ಜಾಡಿಯಲ್ಲಿ ಮೂವತ್ತನಾಲ್ಕು ಡಿಗ್ರಿಗೆ, ಅಂದರೆ ಉಸಿರಿನ ಬಿಸಿಗೆ ತಂದು, ಅದರ ಆವಿಯನ್ನು ಮಷೀನಿಗೆ ಊದಿಸುತ್ತೇವೆ. ಐವತ್ತು ತೋರಿಸಬೇಕಾದ್ದು ಮೂವತ್ತು ತೋರಿಸಿತು. ಮತ್ತೆ ಮತ್ತೆ ಮಾಡಿದರೂ ಅಷ್ಟೇ.

ಕಮಲಾಪುರಕ್ಕೆ ಹೋದೆ. ಬಸವರಾಜ ಆ ದಿನ ತಾನೇ ಬಂದು, ರಾತ್ರಿ ಕುಡಿದಿದ್ದೇನೆ, ನೋಡಿಯೇ ಗಾಡಿ ಕೊಡಿ ಎಂದು ಹೇಳಿ ಊದಿದ್ದನಂತೆ. ಯಾರ್ಡಿನ ಮ್ಯಾನೇಜರ್ ತಲೆ ತಗ್ಗಿಸಿ ಹೇಳಿದರು. ಮಷೀನು ಹೊಂದಿಸಿದ ಮೆಕ್ಯಾನಿಕ್ ತನ್ನ ತಗಡಿನ ಶೆಡ್ಡು ತೋರಿಸಿದ. ಅಲ್ಲಿದ್ದ ಅವನ ಸಿಮ್ಯುಲೇಟರ್ ಜಾಡಿಯ ನೀರಿಗೆ ಥರ್ಮಾಮೀಟರ್ ಇಳಿಬಿಟ್ಟೆ. ನಲವತ್ತೆರಡು! ಸಿಟ್ಟು ನೆತ್ತಿಗೇರಿತು.

“ಹೀಟರ್ ಲೈಟ್ ಆರಿತ್ರೀ ಸರ್. ನೀರು ತಯಾರ್ ಆಗ್ಯಾದ ಅಂತ ತಿಳ್ಕೊಂಡೆ,” ಎಂದ.

ಜಾಡಿಯ ಹೀಟರಿನ ದೀಪ ಆರಿದರೆ ನೀರು ಹದಕ್ಕೆ ಬಂತು ಎಂಬುದು ಕೆಲಸದ ರೂಢಿ. ನಮ್ಮ ಬೇಸಿಗೆಯಲ್ಲಿ, ತಗಡಿನ ಕೆಳಗೆ, ನೀರು ಮೊದಲೇ ಅದಕ್ಕಿಂತ ಬಿಸಿ; ಆ ದೀಪ ಹೊತ್ತುವುದೇ ಇಲ್ಲ. ಹೀಟರ್ ಬಿಸಿ ಮಾಡೀತೇ ಹೊರತು ತಂಪು ಮಾಡದು. ನೀರು ಬಿಸಿಯಾದಷ್ಟೂ ಆವಿಯಲ್ಲಿ ಮದ್ಯಸಾರ ಹೆಚ್ಚು. ಆ ಹೆಚ್ಚಿನದನ್ನೇ ಐವತ್ತು ಎಂದು ಅವನು ಮಷೀನಿಗೆ ಕಲಿಸಿದ್ದ. ಅಂದಿನಿಂದ ಅದು ಎಲ್ಲರಿಗೂ ಕಡಿಮೆಯೇ ಹೇಳುತ್ತಿತ್ತು.

ವರದಿಯಲ್ಲೇನಿದೆ ಎಂದು ಕೇಳಲು ಕಸ್ತೂರಿಬಾಯಿ ಕಲಬುರಗಿಗೆ ಬಂದಳು. ಬಸವರಾಜ ಗೇಟಿನ ಹೊರಗೇ ನಿಂತಿದ್ದ. ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ.

“ಅಂದ್ರ ನಮ್ಮಣ್ಣ ಸುಳ್ಳ ಹೇಳಿಲ್ಲೇನ್ರಿ?”

ಇಲ್ಲ ಎಂದೆ. ಸಮಾಧಾನವಾದೀತೆಂದುಕೊಂಡಿದ್ದೆ. ಅವಳು ಎದ್ದು ನಿಂತಳು.

“ಸುಳ್ಳ ಹೇಳಿದ್ರ ಛಲೋ ಇತ್ರೀ. ಸಿಟ್ಟ ಮಾಡಾಕ ಒಬ್ಬನರ ಇರ್ತಿದ್ದ.”

ಅಣ್ಣನ ಮುಂದೆಯೇ ಹಾದು ಒಬ್ಬಳೇ ಬಸ್ಸಿಗೆ ಹೋದಳು.

ಆಮೇಲೆ ನನ್ನ ಕೈಕೆಳಗೆ ಕಲಿತವರಿಗೆಲ್ಲ ನಾನು ಹೇಳಿದ್ದು ಒಂದೇ: ದೀಪ ನಂಬಬೇಡಿ, ಥರ್ಮಾಮೀಟರ್ ಇಳಿಬಿಡಿ. ಅಷ್ಟಕ್ಕೇ ಇಷ್ಟೊಂದು ಕೂಗಾಟವೇಕೆ ಎಂದು ಯಾರಾದರೂ ನಕ್ಕರೆ, ಕಸ್ತೂರಿಬಾಯಿ ಹೇಳಿದ ಆ ಮಾತನ್ನು ಹೇಳುತ್ತಿದ್ದೆ.