ತೊಳೆಯದ ಪಂಪು

ನನ್ನ ಗಂಡ ಹೊನ್ನೇಶ ಮುಂಡರಗಿಯಲ್ಲಿ ಗೊಬ್ಬರ, ಬೆಳೆಯ ಔಷಧದ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಈ ಇಪ್ಪತ್ತೆರಡು ವರ್ಷ ಮಂದಿಗೆ ಹೇಳಿದ ಬುದ್ಧಿಮಾತಿನಲ್ಲಿ ಒಂದನ್ನಾದರೂ ಇವರು ತಮ್ಮ ಕಿವಿಗೆ ಹಾಕಿಕೊಂಡಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಹುಟ್ಟಿದ್ದು ಶಿರಹಟ್ಟಿ ಕಡೆಯ ಹಳ್ಳಿಯಲ್ಲಿ, ಬೆಳೆದದ್ದು ಎಮ್ಮೆ ಮೇಯಿಸಿ. ಈಗ ಸಗಣಿ ವಾಸನೆ ಬಂದರೆ ಮೂಗಿಗೆ ಕರವಸ್ತ್ರ ಹೋಗುತ್ತದೆ. ಅಂಗಡಿ ಮುಂಡರಗಿಯಲ್ಲಿದ್ದರೂ ಮನೆ ಗದಗದಲ್ಲೇ ಆಗಬೇಕಿತ್ತು, ಜಿಲ್ಲಾ ಊರಲ್ಲವೇ! ದಿನಾ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಓಡಾಡುತ್ತಾರೆ.

ಅಂಗಡಿಯಲ್ಲಿ ಇವರು ದೊಡ್ಡ ಡಾಕ್ಟರು. ಹೋದ ವರ್ಷ ಕೊರ್ಲಹಳ್ಳಿಯ ಹೊಳೆಯಪ್ಪ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹತ್ತಿಯ ಎಲೆ ತಂದಿದ್ದ. ಎಲೆಗಳು ಮುದುಡಿ, ತಿರುಚಿಕೊಂಡಿದ್ದವು. ಹೊಳೆಯಪ್ಪ ನನ್ನ ತವರೂರಿನವನು, ಅವನ ಮನೆಗೂ ನಮ್ಮವ್ವನ ಮನೆಗೂ ನಡುವೆ ಒಂದೇ ಗೋಡೆ. ಮುಂಗಾರಿನ ಕಾಲದಲ್ಲಿ ನಾನೂ ಅಂಗಡಿಯಲ್ಲಿ ಕೂರುವುದರಿಂದ ಎಲ್ಲ ನನ್ನ ಕಣ್ಣೆದುರೇ ನಡೆಯಿತು.

"ಕಸದ ಎಣ್ಣಿ ಹೊಡದ ಪಂಪಿನಾಗ ಹತ್ತಿಗೆ ಹೊಡದೀ. ಮೂರು ಸಲ ತೊಳೀಬೇಕು ಅನ್ನೂದು ಗೊತ್ತಿಲ್ಲೇನ? ಒಕ್ಕಲುತನ ಮಾಡಾಕ ಲಾಯಕ್ಕಿಲ್ಲ ನೀ!" ಎಂದು ಇವರು ಹತ್ತು ಮಂದಿಯ ಮುಂದೆ ಕೂಗಾಡಿದರು. ಕಸದ ಎಣ್ಣೆ ಎಂದರೆ ಕಳೆ ಸಾಯಿಸುವ ಔಷಧ; ಸಿಂಪಡಿಸುವ ಪಂಪಿನಲ್ಲಿ ಅದರ ಅಂಶ ಉಳಿದರೆ ಬೆಳೆಯನ್ನೂ ಸುಡುತ್ತದೆ. ಹೊಳೆಯಪ್ಪ ಏನೋ ಹೇಳಲು ಬಾಯಿ ತೆರೆದ. ಇವರು ಬಿಟ್ಟರೆ ತಾನೇ! ಅವನು ಎಲೆಗಳನ್ನು ಮತ್ತೆ ಚೀಲದಲ್ಲಿ ತುಂಬಿಕೊಂಡು ಮೆಟ್ಟಿಲು ಇಳಿದ. ನನಗೆ ತಲೆ ಎತ್ತಿ ಅವನ ಮುಖ ನೋಡಲು ಆಗಲಿಲ್ಲ.

ಈ ವರ್ಷ ಇವರಿಗೆ ಲಾನಿನ ಹುಚ್ಚು ಹತ್ತಿತು. ಯಾರೋ ಸಾಹೇಬರ ಮನೆ ಮುಂದೆ ನೋಡಿ ಬಂದಿದ್ದರಂತೆ. ಚಾಪೆಯ ಹಾಗೆ ಸುತ್ತಿದ ಹುಲ್ಲು ಟಂಟಂ ಗಾಡಿ ತುಂಬ ಬಂತು. ನಮ್ಮ ಕಾಲೊನಿಯಲ್ಲಿ ಮನೆಮನೆಯ ತೋಟದ ಕಸ ಕೀಳುವವಳು ಮಲ್ಲಸಮುದ್ರದ ಮುತ್ತವ್ವ. ಅವಳು ಆ ಹುಲ್ಲಿನ ಒಂದು ಎಳೆ ಕಿತ್ತು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಅಯ್ಯ ಅಕ್ಕಾರ, ಇದು ಕರಿಕಿ ಅಲ್ಲೇನ್ರಿ? ಸಾವ್ಕಾರ್ರು ರೊಕ್ಕಾ ಕೊಟ್ಟು ಕರಿಕಿ ತಂದಾರ? ಹೊಲದಾಗ ಇದನ್ನ ಕಿತ್ತು ಕಿತ್ತು ನನ್ನ ಉಗುರು ಹೋಗ್ಯಾವ್ರಿ!"

"ಇದು ಲಾನ್. ನಿನಗೇನ್ ತಿಳಿತೈತಿ, ಸುಮ್ನ ಕೆಲಸ ನೋಡು" ಎಂದರು ಇವರು. ಕರಿಕಿ ಎಂದರೆ ಹೊಲದ ಗರಿಕೆ ಹುಲ್ಲು.

ಮಳೆ ಬಿತ್ತು. ಲಾನಿನಲ್ಲಿ ಹಕ್ಕರಕಿ, ಗೋಳಿಪಲ್ಲೆಯಂಥ ಕಾಡುಸೊಪ್ಪೆಲ್ಲ ಎದ್ದವು. ಮುತ್ತವ್ವ ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆಯುವ ಕುರ್ಚಗಿಯಿಂದ ಬೇರುಸಹಿತ ತೆಗೆಯುತ್ತಿದ್ದಳು. ತಿನ್ನುವಂಥದ್ದನ್ನು ಉಡಿಯಲ್ಲಿ ಕಟ್ಟಿಕೊಳ್ಳುತ್ತಿದ್ದಳು, ನನಗೂ ಒಂದು ಹಿಡಿ ಕೊಡುತ್ತಿದ್ದಳು. ಬಿಸಿ ರೊಟ್ಟಿಯ ಜೊತೆ ಹಸಿ ಹಕ್ಕರಕಿ ತಿಂದವರಿಗೇ ಅದರ ರುಚಿ ಗೊತ್ತು. ಇವರಿಗೋ ಮರ್ಯಾದೆ ಹೋಯಿತು. ಮನೆ ಮುಂದೆ ಹೆಂಗಸೊಬ್ಬಳು ಪಲ್ಲೆ ಆರಿಸುತ್ತ ಕೂತರೆ ಅದನ್ನು ಲಾನ್ ಎಂದು ಯಾರು ನಂಬುತ್ತಾರೆ?

"ನಾಳಿಂದ ನೀ ಬರಬ್ಯಾಡ. ಒಂದ ಟಾಕಿ ಎಣ್ಣಿ ಹೊಡದ್ರ ಮುಗೀತು" ಎಂದು ಅವಳನ್ನು ಕಳಿಸಿಬಿಟ್ಟರು.

ಅಂಗಡಿಯಲ್ಲಿ ಬಾಡಿಗೆಗೆ ಕೊಡುವ ಪಂಪುಗಳಲ್ಲಿ ಒಂದನ್ನು ತಂದು, ಹುಲ್ಲು ಬಿಟ್ಟು ಅಗಲ ಎಲೆಯ ಕಸವನ್ನೆಲ್ಲ ಸುಡುವ ಎಣ್ಣೆ ಹೊಡೆದರು. ಹೊಡೆಯುವಾಗ ಕೂಲಿಂಗ್ ಗ್ಲಾಸ್ ಬೇರೆ! ನಾಲ್ಕು ದಿನದಲ್ಲಿ ಹಕ್ಕರಕಿ ಸತ್ತಿತು. ಇವರು ಲಾನಿನ ನಡುವೆ ಕುರ್ಚಿ ಹಾಕಿಕೊಂಡು ಚಹಾ ಕುಡಿದರು.

ಲಾನಿಗೆ ಏನಾದರೆ ನನಗೇನು? ನನ್ನ ಜೀವ ಇದ್ದದ್ದು ಹಿತ್ತಲಲ್ಲಿ. ನಮ್ಮವ್ವ ತೀರಿಕೊಂಡಾಗ ಅವಳ ಕಟ್ಟೆಯ ಮೇಲಿನ ಡಬ್ಬಿಯಲ್ಲಿ ಬೂದಿಯಲ್ಲಿ ಕಲಸಿಟ್ಟ ಬದನೆ ಬೀಜದ ಗಂಟು ಸಿಕ್ಕಿತ್ತು. ಹಸಿರು ಮುಳ್ಳುಬದನೆ, ಅವಳು ಐವತ್ತು ವರ್ಷ ಕಾಪಾಡಿದ ತಳಿ. ಬೀಜ ಹಳೆಯದಾಗಿತ್ತು. ಅಷ್ಟನ್ನೂ ಹಾಕಿದರೆ ಆರು ಗಿಡ ಎದ್ದವು. ಮೊದಲ ಒಳ್ಳೆಯ ಕಾಯಿಯನ್ನು ಕೀಳದೆ ಬೀಜಕ್ಕೆ ಬಿಟ್ಟು, ಯಾರೂ ಮುಟ್ಟದಿರಲೆಂದು ನಮ್ಮವ್ವ ಅದರ ತೊಟ್ಟಿಗೆ ಸೀರೆಯ ಅಂಚು ಕಟ್ಟುತ್ತಿದ್ದಳು. ನಾನೂ ಅವಳ ಸೀರೆಯ ಅಂಚನ್ನೇ ಹರಿದು ಕಟ್ಟಿದ್ದೆ. ಕಾಯಿ ಇನ್ನೂ ಎಳೆಯದು, ಹಳದಿಗೆ ತಿರುಗಲು ತಿಂಗಳಾದರೂ ಬೇಕಿತ್ತು.

ಆ ಗಿಡಗಳಿಗೆ ಸ್ವಲ್ಪ ಹೇನು ಬಿದ್ದಿತ್ತು. ನಾನು ಬೆರಳಲ್ಲಿ ಒರೆಸುತ್ತಿದ್ದೆ. ಇವರನ್ನು ಯಾರು ಕರೆದಿದ್ದರು? ನಾನು ಸಂತೆಗೆ ಹೋದಾಗ ಅದೇ ಪಂಪಿನಲ್ಲಿ ಬೇವಿನ ಎಣ್ಣೆ ತುಂಬಿ ಆರೂ ಗಿಡಕ್ಕೆ ಹೊಡೆದು, ನಾನು ಬಂದೊಡನೆ ಬೆನ್ನು ತಟ್ಟಿಸಿಕೊಳ್ಳಲು ನಿಂತರು.

ಮೂರನೆಯ ದಿನಕ್ಕೆ ಕುಡಿಗಳು ಬಾಗಿದವು, ಎಲೆಗಳು ತಿರುಚಿದವು. ಆ ಎಲೆ ನೋಡಿದ್ದೇ ನನಗೆ ಹೊಳೆಯಪ್ಪನ ಚೀಲ ನೆನಪಾಯಿತು. ಹಾದಿಯಲ್ಲಿ ಹೋಗುತ್ತಿದ್ದ ಮುತ್ತವ್ವನನ್ನು ಕರೆದು ತೋರಿಸಿದೆ. ಅವಳು ಪಂಪಿನ ಮುಚ್ಚಳ ತೆಗೆದು ಮೂಸಿ ನೋಡಿ, "ಹೋದ್ವು ಬಿಡ್ರಿ ಅಕ್ಕಾರ" ಎಂದಳು. ಸೀರೆಯ ಅಂಚು ಕಟ್ಟಿದ ಕಾಯಿ ಮರುದಿನ ಉದುರಿತು. ಒಡೆದು ನೋಡಿದರೆ ಒಳಗೆ ಬಲಿಯದ ಬಿಳಿ ಬೀಜ. ನಾನು ಹಿತ್ತಲಲ್ಲೇ ಕೂತು ಅತ್ತೆ.

"ಪಂಪು ತೊಳದಿದ್ರೇನ್ರಿ?" ಎಂದು ಕೇಳಿದೆ.

"ಇದು ವೈರಸ್. ಈ ವರ್ಷ ಎಲ್ಲಾ ಕಡಿ ಐತಿ" ಎಂದರು. ಥೂ, ಇಂಥ ಬಾಯಿಗೆ!

ಆ ಬೀಜ ಇನ್ನು ಉಳಿದಿದ್ದರೆ ಹೊಳೆಯಪ್ಪನ ಮನೆಯಲ್ಲಿ ಮಾತ್ರ. ನಮ್ಮವ್ವ ವರ್ಷವರ್ಷ ಗೋಡೆಯ ಮೇಲಿಂದ ಅವನ ಹೆಂಡತಿಗೆ ಕೊಡುತ್ತಿದ್ದಳು. "ನೀವೇ ಹೋಗಿ ಕೇಳ್ರಿ" ಎಂದು ಇವರ ಮುಂದೆ ಪಟ್ಟು ಹಿಡಿದೆ. ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿದರು. ಒಬ್ಬರನ್ನೇ ಕಳಿಸಿದರೆ ಅಂಗಡಿಯ ಪಾಕೀಟು ತಂದು ಇದೇ ಅದು ಎನ್ನುವ ಗಿರಾಕಿ ಎಂದು ಜೊತೆಗೆ ನಾನೂ ಹೋದೆ.

ಹೊಳೆಯಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದ. ನಾನು ಚೀಲದಿಂದ ಬದನೆ ಎಲೆ ತೆಗೆದು ಅವನ ಮುಂದಿಟ್ಟೆ. ಅವನು ಅದನ್ನು ತಿರುವಿ ತಿರುವಿ ನೋಡಿದ.

"ಪಂಪು ತೊಳದಿದ್ರೇನ್ರಿ, ಸಾವ್ಕಾರ?"

ಇವರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ. "ಇಲ್ಲ" ಎಂದರು.

"ನಾ ಮನಿಗೆ ತಂದಮ್ಯಾಲೆ ಒಂದ ಸಲ ತೊಳದಿದ್ನಿರಿ. ಸಾಲಲಿಲ್ಲ. ಹೋದ ವರ್ಷ ಹತ್ತಿಗೆ ಹೊಡದದ್ದು ನಿಮ್ಮಂಗಡಿ ಬಾಡಿಗಿ ಪಂಪು. ಅದರಾಗ ಮೊದಲ ಯಾರೋ ಕಸದ ಎಣ್ಣಿ ಹೊಡದಿದ್ರು. ಅವತ್ತ ಅದನ್ನ ಹೇಳಾಕ ಬಂದಿದ್ನಿ" ಎಂದ ಹೊಳೆಯಪ್ಪ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಹತ್ತು ಮಂದಿಯ ಮುಂದೆ ಇವರು ಬೈದದ್ದು ತಮ್ಮದೇ ಪಂಪಿಗೆ!

ಅವನು ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದ. ಇವರು ಕೈ ಚಾಚಿದರು. ಹೊಳೆಯಪ್ಪ ಆ ಕೈಯನ್ನು ದಾಟಿ ನನ್ನ ಮುಂದೆ ಬಂದು ನಿಂತ.

"ತವರಮನಿ ಬೀಜ ಐತಿ ತಂಗೀ. ಉಡಿಯಾಗ ಹಾಕ್ಕೋ."

ಸೆರಗು ಒಡ್ಡಿದೆ. ಕಣ್ಣೀರು ತಡೆಯಲಾಗಲಿಲ್ಲ. ಬಗ್ಗಿ ಅವನ ಕಾಲು ಮುಟ್ಟಿ, ಇವರ ಕಡೆ ತಿರುಗಿ, "ನೀವೂ ನಮಸ್ಕಾರ ಮಾಡ್ರಿ" ಎಂದೆ.

ಇವರು ಎದ್ದು ಚಪ್ಪಲಿ ಹುಡುಕುತ್ತ, "ಬಸ್ಸಿಗೆ ಹೊತ್ತಾತು" ಎಂದರು.